ಅಣ್ಣ ನಂಬಿದ ಪಿಸ್ತೂಲು

೯ ಅಕ್ಟೋಬರ್ ೧೯೮೮, ರವಿವಾರ. ಶಿರಗುಪ್ಪಿ

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ನನಗೆ ಭಯ. ತೋಳದ್ದಲ್ಲ — ಟೆಂಪೋ ಸದ್ದಿನದು. ಕುರಿ ಕಳ್ಳರು ಅದರಲ್ಲೇ ಬರುತ್ತಾರೆ. ಹೋದ ವರ್ಷ ಅಪ್ಪನ ತಲೆ ಒಡೆದು ಕುರಿ ಒಯ್ದರು. ಅಪ್ಪ ಆಮೇಲೆ ಏಳಲಿಲ್ಲ. ಅಂದಿನಿಂದ ದಾರಿಯಲ್ಲಿ ಟೆಂಪೋ ಬಂದರೆ ಕಾಲು ತಣ್ಣಗಾಗುತ್ತದೆ. ಒಂಬತ್ತನೇ ಇಯತ್ತೆ ಬಿಟ್ಟು ಕುರಿ ಹಿಂದೆ ಬಂದವನು ಇದನ್ನು ಯಾರ ಮುಂದೆ ಹೇಳಲಿ...

ಗೊಬ್ಬರಕ್ಕೆಂದು ಧನಪಾಲ ಪಾಟೀಲರ ಹೊಲದಲ್ಲಿ ಕುರಿ ತರುಬಿದ್ದೇವೆ. ಸಂಜೆ ಅಣ್ಣ ಹಾಲಸಿದ್ದ ಎರಡು ಟಗರು ಮಾರಿ ಬಂದ.

"ಪಿಸ್ತೂಲ್ ತರೂಣು. ಅವ್ವಗ ಹೇಳಬ್ಯಾಡ."

ಲೈಸೆನ್ಸ್? ಎಂದೆ.

"ಕುರಿ ಕಾಯಾವ್ರಿಗೆ ಯಾರ ಕೊಡ್ತಾರಲೇ."

೧೨ ಅಕ್ಟೋಬರ್. ನಿಪ್ಪಾಣಿ

ತಂಬಾಕಿನ ಗೋದಾಮಿನ ಹಿಂದೆ. ಮಾರುವವನು ರಾಜಾರಾಮ, ಲೇಥ್ ಕೆಲಸದವನು. ಮೊದಲು ವಿಲಾಯತಿ ಮಾಲು ತೋರಿಸಿದ. ಬೆಲೆ ಕೇಳಿ ಅಣ್ಣ ನಕ್ಕ — "ಹಿಂಡೆಲ್ಲಾ ಕೊಟ್ಟು, ಮ್ಯಾಲ ನಾವಿಬ್ಬರೂ ನಿನ್ನ ಮನ್ಯಾಗ ದುಡೀಬೇಕಾಗತೈತಿ." ಆಮೇಲೆ ಗಾವಠಿ, ಅಂದರೆ ನಾಡ ಪಿಸ್ತೂಲು, ತೆಗೆದ. ಅವನೇ ಮಾಡಿದ್ದು. ಅಂಗೈಗಿಂತ ತುಸು ಉದ್ದ. ಕಿಸೆಯಲ್ಲಿ ಹಾಕಿದರೆ ಎಲೆಅಡಿಕೆ ಚಂಚಿಯಂತೆ ಕಾಣುತ್ತದೆ. ನಮಗೆ ನಿಲುಕುವ ಬೆಲೆ.

"ವ್ಯಾಳ್ಯಾಕ್ಕ ಕೈ ಕೊಟ್ಟರ?" ಎಂದೆ.

"ಕಾಯ್ ಭಾವು, ಭರವಸಾ ಇಲ್ಲೇನು?" ಎಂದ ರಾಜಾರಾಮ, ಮರಾಠಿ ಬೆರೆಸಿ.

ಅಣ್ಣ ದೇವರ ಭಂಡಾರದ ಗಂಟು ಬಿಚ್ಚಿದ. ರಾಜಾರಾಮ ಆ ಅರಿಷಿಣ ಪುಡಿ ಮುಟ್ಟಿ ಆಣೆ ಮಾಡಿದ, ಕೈ ಕೊಡುವುದಿಲ್ಲವೆಂದು. ಭಂಡಾರ ಮುಟ್ಟಿ ಸುಳ್ಳು ಹೇಳುವವರು ನಮ್ಮ ಕಡೆ ಇಲ್ಲ.

೧೩ ಅಕ್ಟೋಬರ್

ಹೊಳೆದಂಡೆ, ಐನಾಪುರದ ಕಡೆ. ಜಾಲಿ ಬೊಡ್ಡೆಗೆ ಗುರಿ ಇಟ್ಟೆ. ಒಮ್ಮೆಯೂ ಬೊಡ್ಡೆಗೆ ತಾಗಲಿಲ್ಲ. ಆದರೆ ಒತ್ತಿದಾಗೆಲ್ಲ ಹಾರಿತು.

"ನೀ ಹೇಳು. ನೀ ಸುಳ್ಳ ಹೇಳಾವಲ್ಲ," ಎಂದ ಅಣ್ಣ.

"ಗುರಿ ನಂಬಬ್ಯಾಡ. ಸದ್ದು ನಂಬು. ಕೈ ಕೊಡೂದಿಲ್ಲ."

"ಸದ್ದ ಸಾಕ. ನಾವೇನ ಮಂದೀನ ಕೊಲ್ಲಾಕ ಹೊಂಟೇವೇನು?"

ಉಣ್ಣೆ ಚೀಲದಲ್ಲಿ, ಕುರಿ ಕತ್ತರಿಗಳ ಕೆಳಗೆ, ಬಟ್ಟೆ ಸುತ್ತಿ ಇಟ್ಟೆ.

೨೧ ಅಕ್ಟೋಬರ್

ನಿನ್ನೆ ಬನ್ನಿ ಕೊಟ್ಟು ಬಂದೆವು. ಅದರ ಹಿಂದಿನ ದಿನ ಖಂಡೇಪೂಜೆ, ಆಯುಧಗಳ ಪೂಜೆ. ನಾವು ಕುರಿ ಹೊಡೆದುಕೊಂಡು ಹೋದಾಗ ಅವ್ವ ಕತ್ತರಿ, ಕೊಡ್ಲಿ ಎಲ್ಲ ತೆಗೆದು ಪೂಜೆ ಮುಗಿಸಿದ್ದಳು. ಚೀಲ ಬಿಚ್ಚಿದ್ದಾಳೆ! ಅವ್ವ ಎಂದಿನಂತೆ ಹೋಳಿಗೆ ಬಡಿಸಿದಳು. ಮುಟ್ಟಿ ನೋಡಿದೆ — ಬಟ್ಟೆ ಸುತ್ತಿದ ಹಾಗೆಯೇ ಇದೆ. ಕಂಡಿರಲಿಕ್ಕಿಲ್ಲ. ನಾನು ಬಿಚ್ಚಿ ನೋಡಲಿಲ್ಲ.

೨ ನವೆಂಬರ್. ಮಿರಜ, ದವಾಖಾನೆ

ಮೊನ್ನೆ ನಸುಕಿನ ಮಂಜಿನಲ್ಲಿ ಟೆಂಪೋ. ಅಣ್ಣ ಓಡಲಿಲ್ಲ. ಬಡಿಗೆಯನ್ನೂ ತಗೊಳ್ಳಲಿಲ್ಲ. ಪಿಸ್ತೂಲು ಹಿಡಿದು ಅವರ ಕಡೆ ನಡೆದೇ ಹೋದ. ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಅವರಲ್ಲೊಬ್ಬ ನಕ್ಕ. ಆಮೇಲೆ ರಾಡು, ಅಣ್ಣನ ಕಾಲಿಗೆ.

ನಾನು ಕವಣೆ ಬೀಸುತ್ತ ಓಡುವಷ್ಟರಲ್ಲಿ ಮುಗಿದಿತ್ತು.

ಡಾಕ್ಟರು ಅಣ್ಣನ ಬಲಗಾಲು ಮೊಣಕಾಲಿನ ಕೆಳಗೆ ತೆಗೆದರು. ಎಚ್ಚರವಾದಾಗ ಅಣ್ಣ ನನ್ನನ್ನೇ ನೋಡಿದ. "ಕೈ ಕೊಡೂದಿಲ್ಲಂತ ನೀನ ಹೇಳಿದ್ದಿ ಅಲ್ಲಲೇ, ಮಾಳ್ಯಾ..." ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

೪ ನವೆಂಬರ್. ಶಿರಗುಪ್ಪಿ

ಕುರಿ ನೋಡಲು ತಿರುಗಿ ಬಂದೆ. ಅಣ್ಣ ಬಿದ್ದಲ್ಲಿ ಸಿಕ್ಕ ಪಿಸ್ತೂಲು ಬಿಚ್ಚಿದೆ. ಒಳಗೆಲ್ಲ ಹಳದಿ. ಭಂಡಾರವೂ ಎಣ್ಣೆಯೂ ಕಲೆತು ಗಟ್ಟಿಯಾಗಿ ಕೂತಿದೆ. ಜಾಲಿಮುಳ್ಳಿನಿಂದ ಕೆರೆದರೂ ಬರಲಿಲ್ಲ, ಒತ್ತಿದರೆ ಒಳಗೆ ಏನೂ ಅಲುಗಲಿಲ್ಲ.

ಅವ್ವ ಹಿಂದೆ ನಿಂತಿದ್ದಳು. "ಖಂಡೇಪೂಜಿ ದಿನಾನ ನೋಡೀನಿ, ಯಪ್ಪಾ. ಬೈಬೇಕನಸಲಿಲ್ಲ. ದೇವರ ಕೈ ಇರಲೆಂತ ಒಳಗೆಲ್ಲಾ ಭಂಡಾರ ತುಂಬಿ, ಮ್ಯಾಲ ಒರಸಿ ಇಟ್ಟೆ. ಆ ಭಾಡ್ಯಾ ಖೋಟಾ ಮಾಲ ಕೊಟ್ಟಾನ. ನನ್ನ ಭಂಡಾರ ಇತ್ತಂತ ನಿಮ್ಮಣ್ಣನ ಜೀವರೆ ಉಳೀತು."

ಪಿಸ್ತೂಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟೆ.

೬ ನವೆಂಬರ್

ಅವ್ವನ ತಮ್ಮ ಕಾಡಸಿದ್ದ ಮಾವ ಬಂದಿದ್ದಾನೆ, ಮಂದಿ ಕಟ್ಟಿಕೊಂಡು. ರಾಜಾರಾಮನನ್ನು ಹಿಡಿಯಲು ನಿಪ್ಪಾಣಿಗೆ ಹೊರಟವನು.

"ಭಂಡಾರ ಮುಟ್ಟಿ ಸುಳ್ಳ ಹೇಳ್ಯಾನ. ಅವನೂ ಒಂದ ಕಾಲ ಮ್ಯಾಲ ನಿಂದರಲಿ."

"ಅವನ ತಪ್ಪಿಲ್ರಿ, ಮಾವಾ. ಮಾಲು ಚೊಲೋ ಇತ್ತು."

"ಮತ್ಯಾಕ ಹಾರಲಿಲ್ಲ?"

ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಯನ್ನೇ ನೋಡುತ್ತಿದ್ದೆ.

"ಬಾಯಾಗ ಕಡಬ ಇಟ್ಕೊಂಡೀಯೇನಲೇ?" ಎಂದ ಮಾವ. "ದೀಪಾವಳಿ ಅಮಾಸಿ ದಿನ ಗುಡ್ಯಾಗ ಭಂಡಾರ ಹಿಡದು ಹೇಳು. ಅಲ್ಲೀತನಾ ಅವನ್ನ ಮುಟ್ಟೂದಿಲ್ಲ. ನೀ ಹೇಳಲಿಲ್ಲಂದ್ರ, ನೀನ ಏನೋ ಕೆಡಿಸೀದಿ ಅಂತ ತಿಳೀತೇವಿ."

೮ ನವೆಂಬರ್, ಸಂಜೆ

ಪಿಸ್ತೂಲು ಹೊಳೆಗೆ ಹಾಕಿದೆ. ಅದರೊಳಗಿನ ಹಳದಿಯನ್ನು ಇನ್ನು ಯಾರೂ ನೋಡುವುದಿಲ್ಲ.

ನಾಳೆ ಅಮಾವಾಸ್ಯೆ. ಭಂಡಾರ ಹಿಡಿದರೆ ನಿಜ ಬರುತ್ತದೆ. ನಿಜ ಬಂದರೆ ಅವ್ವ ಅಣ್ಣನ ಕಾಲನ್ನು ತನ್ನ ಕೈಯಿಂದಲೇ ಹೋದದ್ದೆಂದು ದಿನಾಲೂ ನೋಡಬೇಕು...

ಅವ್ವ ಈಗಷ್ಟೇ ನನ್ನ ಧೋತರದ ಚುಂಗಿಗೆ ಭಂಡಾರ ಕಟ್ಟಿದಳು. "ಗುಡ್ಯಾಗ ಅಂಜಬ್ಯಾಡ. ಇದ್ದದ್ದ ಹೇಳು. ನೀ ಹೇಳಿದ್ರ ಎಲ್ಲಾರೂ ನಂಬ್ತಾರ."

ಕುರಿಗಳನ್ನು ಮಾವ ನೋಡಿಕೊಳ್ಳುತ್ತಾನೆ. ಅಣ್ಣನಿಗೆ ಏನೂ ಹೇಳಿಲ್ಲ.

ನಾನೇ ಕೆಡಿಸಿದೆ ಎಂದು ತಿಳಿಯಲಿ. ನಾಳೆ ಗುಡಿಗೆ ಕರೆಯುವ ಮುಂಚೆ, ಮೊದಲ ಬಸ್ಸಿಗೆ ಊರು ಬಿಟ್ಟು ಹೋಗುತ್ತೇನೆ.