ಲೂಸಿಲ್ ಸಿಲ್ವೇರಾ ಅವರ ಒಂಬತ್ತು ಹಸುಗಳು

ಫೆಬ್ರವರಿ 8, ಶನಿವಾರ

ಒಂಬತ್ತು ಹಸು, ಒಂಬತ್ತು ಲಕೋಟೆ. ಬಾಲದ ಕೂದಲು ಬುಡಸಮೇತ ಬರಬೇಕು, ಕತ್ತರಿಸಿದರೆ ಲ್ಯಾಬಿಗೆ ಉಪಯೋಗವಿಲ್ಲ. ಆರನೆಯದು ಒದ್ದಿತು. ಮೊಣಕಾಲಿಗೆ ಐಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸೊಂಟದೆತ್ತರದ ಡೆಕ್ಸ್‌ಟರ್ ತಳಿ, ನೋಡಲಿಕ್ಕೆ ನಮ್ಮೂರ ಗಿಡ್ಡ ಹಸುಗಳ ಹಾಗೆ. ಸಿಟ್ಟು ಮಾತ್ರ ಫುಲ್ ಸೈಜು.

ಹಸುಗಳ ಒಡತಿ ಪೆಟಲೂಮದ ಲೂಸಿಲ್ ಸಿಲ್ವೇರಾ. ವಯಸ್ಸು ಎಂಬತ್ತಮೂರು. ಜಮೀನಿನ ಲೀಸು ಏಪ್ರಿಲ್‌ಗೆ ಮುಗಿಯುತ್ತದೆ. ಒರೆಗಾನಿನ ಒಂದು ಸಂರಕ್ಷಣಾ ಫಾರ್ಮು ಒಂಬತ್ತನ್ನೂ ಒಟ್ಟಿಗೆ ಸಾಕಲು ತಯಾರಿದೆ. ಒಂದೇ ಷರತ್ತು — ನೂರು ವರ್ಷದ ಹಿಂದೆ ಐರ್ಲೆಂಡಿನಿಂದ ಬಂದ ಮೂಲ ಹಿಂಡಿನ ರಕ್ತ ಇವಕ್ಕಿದೆ ಎಂದು ರುಜುವಾಗಬೇಕು. ಇಲ್ಲವಾದರೆ ಹರಾಜಿನ ಯಾರ್ಡು, ಅಲ್ಲಿಂದ ಮಾಂಸಕ್ಕೆ.

ರುಜುವಾತು ನನ್ನ ಕೆಲಸ. ಎಮರಿವಿಲ್‌ನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಡಿಎನ್‌ಎ ನೋಡಿ ರಿಟೈರ್ ಆದವನಿಗೆ ಬ್ರೀಡರುಗಳ ಸಂಘ ಹಚ್ಚಿದ ಪುಕ್ಕಟೆ ಕೆಲಸ. ಖುಷಿಯಿಂದಲೇ ಮಾಡುತ್ತೇನೆ, ಸುಳ್ಳು ಯಾಕೆ.

ಹೊರಡುವಾಗ ಲೂಸಿಲ್ ಒಂದು ನೋಟ್‌ಬುಕ್ ಕೊಟ್ಟರು. ಅವರ ಅಮ್ಮ ಬರೆದದ್ದು, ಆಮೇಲೆ ಅವರು. ಯಾವ ಹಸು ಯಾರ ಮಗಳು ಎಂದಷ್ಟೇ. ಹೋರಿಗಳ ಹೆಸರೇ ಇಲ್ಲ. ಕೈಬರಹ, ಸಾಕ್ಷಿಯಾಗುವುದಿಲ್ಲ. ಮರ್ಯಾದೆಗೆ ತೆಗೆದುಕೊಂಡು ಹಿಂದಿನ ಸೀಟಿಗೆ ಹಾಕಿದೆ.

ಮಾರ್ಚ್ 6, ಮಧ್ಯಾಹ್ನ 2

ರಿಸಲ್ಟು ಬಂತು. ಲೂಸಿಲ್ ಅಪ್ಪನ ಕಾಗದಗಳ ಪ್ರಕಾರ ಇವೆಲ್ಲ ಪ್ಯಾಡಿ ಎಂಬ ಮೂಲ ರಕ್ತದ ಹೋರಿಯ ಸಂತತಿ. ಪ್ಯಾಡಿಯ ವೀರ್ಯ ಸಂಘದ ನೈಟ್ರೋಜನ್ ಟ್ಯಾಂಕಿನಲ್ಲಿ ಈಗಲೂ ಇದೆ, ಹೋಲಿಸಿ ನೋಡಿಯಾಯಿತು. ಒಂಬತ್ತರಲ್ಲಿ ಒಂದೂ ಮ್ಯಾಚ್ ಇಲ್ಲ. ನೆರೆಯ ಯಾವುದೋ ಹೋರಿ ಬೇಲಿ ದಾಟಿರಬೇಕು.

ಇಪ್ಪತ್ತು ನಿಮಿಷದಲ್ಲಿ ರಿಪೋರ್ಟು ಬರೆದೆ. ಮೂಲ ಹಿಂಡು ಎಂದು ದೃಢೀಕರಿಸಲಾಗದು. ಫಾರ್ಮಿಗೆ ಇಮೇಲು, ಲೂಸಿಲ್‌ಗೆ ಕಾಪಿ. ಇಮೇಲಿನಲ್ಲಿ ಹೇಳುವ ವಿಷಯವಾ ಇದು, ಹೋಗಿ ಹೇಳಿ ಎಂದಳು ಹೆಂಡತಿ ಆಶಾಲತಾ. ಡೇಟಾ ಯಾರು ಓದಿದರೂ ಅದೇ ಡೇಟಾ ಎಂದೆ. ಈ ವಾಕ್ಯ ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಮಾರ್ಚ್ 9

ಲೂಸಿಲ್ ಫೋನು. ಫಾರ್ಮಿನವರು ಬೇಡ ಎಂದಿದ್ದಾರೆ. ಅಳಲಿಲ್ಲ. ಅಪ್ಪ ಗೊತ್ತಿದ್ದೇ ಸುಳ್ಳು ಹೇಳಿದನೇ ಎಂದು ಮಾತ್ರ ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿಲ್ಲದೆ ನಾನು ಯಾರಿಗಾದರೂ ಮೋಸ ಮಾಡುವ ಮೊದಲು ಹೇಳಿದಿರಲ್ಲ, ಥ್ಯಾಂಕ್ಸ್ ಎಂದರು.

ಏಪ್ರಿಲ್ 12

ಲೂಸಿಲ್ ಮೆಸೇಜು. ಬೆಳಿಗ್ಗೆ ಟ್ರೈಲರ್ ಬಂತು, ಎಲ್ಲವೂ ಯಾರ್ಡಿಗೆ ಹೋದವು. ಉತ್ತರವಾಗಿ ಏನೋ ಟೈಪ್ ಮಾಡಿ ಅಳಿಸಿದೆ.

ಏಪ್ರಿಲ್ 19

ಮಂಗಳೂರಿನಿಂದ ನಾದಿನಿಯ ಫೋನು. ಅವಳ ಮಗಳಿಗೆ ಸಂಬಂಧ ಬಂದಿದೆ. ಹುಡುಗ ಅಕ್ಷಯ್, ಇಲ್ಲೇ ಪಾಲೋ ಆಲ್ಟೋದಲ್ಲಿ ಕೆಲಸ. ಕೆಲಸ, ವೀಸಾ ಏನೂ ಕೇಳಲಿಲ್ಲ ನಾನು. ಅಭ್ಯಾಸಬಲ — ಮೊದಲು ಕೇಳಿದ್ದು ಹುಡುಗನ ತಾಯಿಯದು ಯಾವ ಬಳಿ ಎಂದು. ಬಳಿ ಅಂದರೆ ನಮ್ಮಲ್ಲಿ ಗೋತ್ರದ ಹಾಗೆ, ಆದರೆ ತಾಯಿಯಿಂದ ಬರುವುದು. ಎರಡೂ ಕಡೆ ಒಂದೇ ಆದರೆ ಮದುವೆಯ ಮಾತೇ ಇಲ್ಲ.

ಫೋನಿಟ್ಟ ಮೇಲೆ ಆಶಾಲತಾ ದೋಸೆ ಮಗುಚುತ್ತಾ ಹೇಳಿದಳು: "ಅಲ್ಲ ಮಾರಾಯ್ರೆ, ಮನುಷ್ಯರಿಗಾದ್ರೆ ತಾಯಿದು ಕೇಳ್ತೀರಿ. ಆ ಹೆಂಗಸಿನ ದನಗಳಿಗೆ ಮಾತ್ರ ಅಪ್ಪನನ್ನು ಯಾಕೆ ಹುಡುಕಿದ್ದು?"

ತಮಾಷೆಗೆ ಹೇಳಿದ್ದು. ದೋಸೆ ಅರ್ಧಕ್ಕೆ ಬಿಟ್ಟು ಕಾರಿನ ಕೀಲಿ ತೆಗೆದುಕೊಂಡೆ.

ಏಪ್ರಿಲ್ 20, ಬೆಳಿಗ್ಗೆ 9.30

ನೋಟ್‌ಬುಕ್ ಕಾರಿನಲ್ಲೇ ಇತ್ತು, ಕಾಸ್ಟ್‌ಕೋ ಅಂಗಡಿಯ ಚೀಲಗಳ ಕೆಳಗೆ. ನಿನ್ನೆಯಿಂದ ಸಂಘದ ಹಳೆಯ ವಂಶಾವಳಿ ಪುಸ್ತಕ ಹರ್ಡ್‌ಬುಕ್ಕಿಗೆ ಒಂದೊಂದೇ ಹೆಸರು ತಾಳೆ ನೋಡಿದೆ. ಅಮ್ಮ, ಮಗಳು, ಮೊಮ್ಮಗಳು… ಎಲ್ಲೂ ತಪ್ಪಿಲ್ಲ. ಹಡಗಿನಲ್ಲಿ ಬಂದ ಬ್ರೈಡಿ ಎಂಬ ಹಸುವಿನವರೆಗೆ.

ಫಾರ್ಮು ಕೇಳಿದ್ದು ಹಳೆಯ ರಕ್ತ ಉಳಿದಿದೆಯೇ ಎಂದು. ನಾನು ಹೋರಿಯ ಬಗ್ಗೆ ಉತ್ತರ ಕೊಟ್ಟೆ. ಅಮ್ಮನ ಕಡೆಯ ಅಜ್ಜಿಯ ಮನೆಯ ಹೆಸರನ್ನೇ ಹೊತ್ತು ತಿರುಗುವವನು ನಾನು! ನಾಚಿಕೆಯಾಗುತ್ತಿದೆ.

ಉಳಿದ ಕೂದಲು ಫ್ರೀಜರಿನಲ್ಲಿದೆ. ತಾಯಿಯಿಂದ ಮಾತ್ರ ಬರುವ ಡಿಎನ್‌ಎ ನೋಡಲು ಕಳಿಸುತ್ತೇನೆ. ಯಾರ್ಡಿಗೆ ಫೋನ್ ಮಾಡಬೇಕು. ಇವತ್ತು ಭಾನುವಾರ, ಎತ್ತುವುದಿಲ್ಲ.

ಏಪ್ರಿಲ್ 21

ಎತ್ತಿದರು. ಒಂಬತ್ತೂ ಅದೇ ವಾರ ಕಸಾಯಿಖಾನೆಗೆ. ಚಿಕ್ಕ ಗಾತ್ರ ನೋಡಿ ಬೇರೆ ಯಾರೂ ಕೂಗಲಿಲ್ಲವಂತೆ. ಇನ್ನೇನಾದರೂ ಬೇಕೇ ಸರ್ ಎಂದು ಆ ಹುಡುಗಿ ಕೇಳಿದಳು.

ಮೇ 2

ಲ್ಯಾಬು. ಒಂಬತ್ತಕ್ಕೂ ಒಂದೇ ತಾಯಿ ಗುರುತು. ಸಂಘದ ದಾಖಲೆಯಲ್ಲಿ ಬೇರೆ ಯಾವ ಹಿಂಡಿನಲ್ಲೂ ಅದು ಇಲ್ಲ. ಬ್ರೈಡಿಯ ಸಂತತಿಯಲ್ಲಿ ಇವೇ ಕೊನೆಯವು.

ಲೂಸಿಲ್‌ಗೆ ಹೇಳುವುದು ಬೇಡ ಎಂದು ಮಗಳು ಆಶ್ರಿತಾಳ ವಾದ. "ವಾಟ್ಸ್ ದ ಪಾಯಿಂಟ್, ಅಪ್ಪಾ? ಶೀ ಹ್ಯಾಸ್ ಮೇಡ್ ಪೀಸ್ ವಿತ್ ಇಟ್." ನನಗೂ ಅದೇ ಸರಿ ಅನಿಸಿತು, ಸುಲಭ ಇತ್ತಲ್ಲ. ಆಶಾಲತಾ ಒಪ್ಪಲಿಲ್ಲ. "ಅವರ ಅಮ್ಮ ಬರೆದದ್ದು ನಿಜ ಅಂತ ಅವರಿಗೆ ಗೊತ್ತಾಗುದು ಬೇಡ್ವಾ? ಈ ಸಲ ಇಮೇಲು ಬೇಡ. ಹೋಗಿ."

ಮೇ 3, ಬೆಳಿಗ್ಗೆ 10.40, ಕಾರಿನಲ್ಲಿ

ಪಾಲೋ ಆಲ್ಟೋ. ಲೂಸಿಲ್ ಈಗ ಮಗಳ ಮನೆಯಲ್ಲಿದ್ದಾರೆ. ಎದುರು ಬದಿಯಲ್ಲಿ ಪಾರ್ಕ್ ಮಾಡಿ ಅರ್ಧ ಗಂಟೆಯಾಯಿತು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತು ಒಂದೂ ನೆನಪಿಲ್ಲ.

ಕಿಟಕಿಯಿಂದ ನೋಡಿಬಿಟ್ಟರು. ವಾಕರ್ ಹಿಡಿದು ಬಾಗಿಲಿಗೆ ಬಂದಿದ್ದಾರೆ. ನಗುತ್ತಿದ್ದಾರೆ, ಒಳಗೆ ಬಾ ಎಂದು ಕೈಸನ್ನೆ. ಮೊದಲ ಮಾತನ್ನು ಇಲ್ಲೇ ಬರೆದುಕೊಂಡು ಇಳಿಯುತ್ತೇನೆ.

ಲೂಸಿಲ್, ನಿಮ್ಮ ಅಮ್ಮ ಬರೆದದ್ದೆಲ್ಲ ಸರಿ ಇತ್ತು. ನಿಮ್ಮ ಹಸುಗಳು —