ಸುಮ್ಮನಿದ್ದರೆ ಒಪ್ಪಿದಂತಲ್ಲ

ಅಬ್ಬಾ,

ನನ್ನ ನಿಕಾಹ್ ದಿನ ನೆನಪಿದೆಯಾ? ಒಪ್ಪಿಗೆ ಕೇಳಲು ಬಂದವರ ಮುಂದೆ ನಾನು ತಲೆ ಬಗ್ಗಿಸಿ, ಬಾಯಿ ಬಿಡದೆ ಕೂತಿದ್ದೆ. "ಸುಮ್ನದಾಳಂದ್ರ ಕಬೂಲ್ ಅಂತನ. ನಡೀರಿ, ಬಿರಿಯಾನಿ ಆರತದ" ಎಂದು ಮಾಮೂ ಎದ್ದೇಬಿಟ್ಟ. ನೀನು ಬಾಗಿಲಿಗೆ ಅಡ್ಡ ನಿಂತೆ. "ಆರಲಿ. ಬಾಯಿಂದ ಬರಲಿ. ಮೂರು ಸಲ ಕೇಳೋದು ಮತ್ತ ಯಾಕ?" ಗಾದಿ ಹೊಲಿಯುವವನಿಗೆ ಇಷ್ಟು ಗತ್ತೇ ಎಂದು ಲಿಂಗಸುಗೂರಿನ ಬೀಗರು ನಕ್ಕರು.

ಮಸ್ಕಿಯಲ್ಲಿ ಗಾದಿ ಕೊಟ್ಟು ಬೈಕಿನಲ್ಲಿ ವಾಪಸ್ ಬರುತ್ತಿದ್ದ ನಿನಗೆ ಟ್ರಾಕ್ಟರ್ ಗುದ್ದಿದ ಸುದ್ದಿ ಫೋನಿನಲ್ಲಿ ಬಂತು. ಹೇಳಿದ ಪೊಲೀಸಪ್ಪನ ದನಿ ಮೆತ್ತಗಿತ್ತು: "ಜಾಗಾದಾಗ ಹೋಗ್ಯಾರವ್ವಾ. ನೋವು ಗೊತ್ತಾಗಿರಂಗಿಲ್ಲ." ಅಮ್ಮಿ ಮತ್ತು ನಾನು ಅದೊಂದು ಮಾತನ್ನು ಹಿಡಿದುಕೊಂಡು ಬದುಕಿದೆವು.

ಮೊನ್ನೆ ಸಿಂಧನೂರಿನ ಕೋರ್ಟಿನಿಂದ ನೋಟಿಸ್ ಬಂತು. ಡ್ರೈವರ್ ತಪ್ಪು ಒಪ್ಪಿಕೊಳ್ಳುತ್ತಾನಂತೆ. ಶಿಕ್ಷೆ ಕಡಿಮೆ ಮಾಡುವ ರಾಜಿಗೆ ಮನೆಯವರೂ ಒಪ್ಪಬೇಕಂತೆ. ಅಮ್ಮಿಗೆ ಮೊಣಕಾಲು ನೋವು, ನಾನೊಬ್ಬಳೇ ಹೋದೆ. ರಾಜಿ ಮಾತಿಗೆಂದು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿದ್ದರು. ಅವನು ಜವಳಗೇರಾ ಕಡೆಯವನು, ನನ್ನ ಓರಗೆಯವನೇ. ತಲೆ ಎತ್ತಲಿಲ್ಲ. ಅವನ ವಕೀಲರು, "ಗುನ್ಹೆ ಕಬೂಲ್ ಮಾಡ್ಯಾನ. ಪರಿಹಾರ ಕೊಡ್ತಾನ, ಜೈಲು ಬ್ಯಾಡ. ನಿಮಗೂ ಕಬೂಲ್ ಏನವ್ವಾ?" ಎಂದರು. ಆ ಶಬ್ದವೇ ಬೇಕಿತ್ತಾ ಅವರಿಗೆ?

ಉತ್ತರ ಕೊಡದೆ ಅವನನ್ನೇ ಕೇಳಿದೆ: "ನಮ್ಮಬ್ಬಾ ಕಡೀಗೆ ಏನರ ಅಂದ್ರೇನು?" ವಕೀಲರು ಅವನ ತೋಳು ಹಿಡಿದರು. ಆದರೂ ಅಂದುಬಿಟ್ಟ: "ನೀರು ಕೇಳಿದ್ರಕ್ಕಾ. ನಾ ಹೆದರಿ ಓಡಿಹೋದ್ನಿ."

ನೀರು, ಅಬ್ಬಾ. ಮನೆಗೆ ಯಾರೇ ಬರಲಿ, ಮಾತಿಗಿಂತ ಮೊದಲು ನೀರು ಕೊಡು ಎಂದು ಕಲಿಸಿದವನು ನೀನು. ರಸ್ತೆ ಪಕ್ಕದಲ್ಲೇ ಕಾಲುವೆ ಹರಿಯುತ್ತಿತ್ತು, ನೀನು ಮಾತ್ರ... ಎಷ್ಟು ಹೊತ್ತು ಕೇಳಿದೆ? ಯಾರನ್ನು ಕೇಳಿದೆ?

ವಕೀಲರು ಮತ್ತೆ ಕೇಳಿದರು. ನಾನು ಇನ್ನೂ ಅವನನ್ನೇ ನೋಡುತ್ತಿದ್ದೆ. "ಸುಮ್ನದಾರ, ಒಪ್ಪಿದಂಗಾತು, ಬರಕೋರಿ" ಎಂದು ಗುಮಾಸ್ತನಿಗೆ ಹೇಳಿದರು. ನಾನು ಬಾಗಿಲ ಕಡೆ ನೋಡಿದೆ. ಅಡ್ಡ ನಿಲ್ಲಲು ನೀನಿರಲಿಲ್ಲ.

"ಇನ್ನೊಂದ್ಸಲ ಕೇಳ್ರಿ" ಎಂದೆ.

ಕೇಳಿದರು.

"ಕಬೂಲ್ ಇಲ್ರಿ."

ಹೊರಗೆ ಸರ್ಕಾರಿ ವಕೀಲರು ತಿಳಿಸಿ ಹೇಳಿದರು: ಇನ್ನು ಕೇಸು ಮಾಮೂಲಿನಂತೆ ನಡೆಯುತ್ತದೆ, ವರ್ಷಗಟ್ಟಲೆ ಎಳೆಯಬಹುದು, ಅವನು ಬಿಡುಗಡೆಯೂ ಆಗಬಹುದು. ರಾಜಿಯ ಕೋಣೆಯಲ್ಲಿ ಅವನು ಆಡಿದ್ದು ಸಾಕ್ಷಿಗೆ ಬರುವುದಿಲ್ಲವಂತೆ. ಹಾಗಾದರೆ ಆ ಮಾತನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ? ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಮನೆಗೆ ಬಂದಾಗ ಅಮ್ಮಿ ನೀನು ಹೊಲಿದ ಗಾದಿಯ ಮೇಲೆ ಕೂತಿದ್ದಳು. "ಒಪ್ಪಿದ್ರ ಮುಗೀತಿತ್ತಲ್ಲ ಬೇಟಿ. ಹೆಂಗೂ ನೋವಿಲ್ದ ಹೋಗ್ಯಾರ. ಯಾಕ ಒಲ್ಲೆ ಅಂದಿ?"

ನಾನು ಸುಮ್ಮನಿದ್ದೆ. ಅವಳು ಮೂರು ಸಲ ಕೇಳಿದರೂ ನೀರಿನ ಮಾತು ಹೇಳುವುದಿಲ್ಲ, ಅಬ್ಬಾ.

ನಿನ್ನ ಶಬಾನಾ