ಸೇತುವೆ ಹತ್ತದ ಮೋಟಾರು

ಮಾರ್ಚ್ ೩, ಸೋಮವಾರ

ಗಗನಯಾತ್ರಿಗಳು ಚಂದ್ರನ ಮೇಲೆ ಓಡಿಸಿದರಲ್ಲ, ಆ ಗಾಡಿಗೆ ಕೊನೇ ನಟ್ಟು ಬಿಗಿದವನು ನಾನೇ. ಸರ್ಕಾರದವರು ಎಲ್ಲೂ ಹೇಳಿಕೊಳ್ಳುವುದಿಲ್ಲ. ಏಳನೇ ಕ್ಲಾಸು ಓದಿದವನ ಕೈ ಬೇಕಾಯಿತು ಅಂತ ಹೇಗೆ ಹೇಳಿಕೊಂಡಾರು? ಅಂಥ ಕೈ ಇದು. ಇದೇ ಕೈಯಲ್ಲಿ ನನ್ನ ಬ್ಯಾಟರಿ ಗಾಲ್ಫ್ ಕಾರ್ಟಿನ ಸ್ಟಿಯರಿಂಗ್ ಹಿಡಿದು ಹೋಗುತ್ತಿದ್ದಾಗ ಇವತ್ತು ಒಂದು ಕೊಕ್ಕರೆ ದಾರಿಯಲ್ಲಿ ನಡೆದುಕೊಂಡು ಬಂದು ನಮ್ಮನ್ನು ಹಿಂದೆ ಹಾಕಿತು.

ಹಾರಲಿಲ್ಲ. ನಡೆದುಕೊಂಡೇ.

ಲುವೆಲಾ ಶಾಲು ಬಾಯಿಗೆ ಒತ್ತಿಕೊಂಡು ನಕ್ಕರು. ದಿನಾ ಸಂಜೆ ಅವರ ಮನೆ ಮುಂದೆ ನಿಲ್ಲಿಸುತ್ತೇನೆ, ಅವರು ನನ್ನ ಪಕ್ಕ ಬಲಗಡೆ ಸೀಟಿಗೆ ಬಂದು ಕೂರುತ್ತಾರೆ, ಮಡಿಲಿಗೆ ಬೇಯಿಸಿದ ಕಡಲೆಕಾಯಿ ಪೊಟ್ಟಣ ಇಡುತ್ತೇನೆ. ನಮ್ಮ ಜಾರ್ಜಿಯಾ ಕಡೆ ಕಡಲೆಕಾಯಿ, ಉಪ್ಪು ಮುಂದಾಗಿ. ಓಕ್ ಮರಗಳ ಕೆಳಗೆ, ಕೆರೆ ಪಕ್ಕದಲ್ಲಿ, ಆಮೇಲೆ ಹೆದ್ದಾರಿ ಮೇಲೆ ಕಾರ್ಟುಗಳಿಗೆಂದೇ ಕಟ್ಟಿದ ಸೇತುವೆ ದಾಟಿ ಚೌಕಕ್ಕೆ. ಅಲ್ಲಿ ಬ್ಯಾಂಡು, ಡ್ಯಾನ್ಸು. ಚೌಕ ಬರುವುದಕ್ಕೂ ಪೊಟ್ಟಣ ಮುಗಿಯುವುದಕ್ಕೂ ಸರಿಹೋಗುತ್ತದೆ. ಹಳೇ ಮೋಟಾರು ಕೆಳಗೆ ಹ್ಮ್ಮ್ಮ್ ಅನ್ನುತ್ತಿರುತ್ತದೆ, ಯಾರೋ ನಿದ್ದೆಯಲ್ಲಿ ಹಾಡಿಕೊಂಡ ಹಾಗೆ.

ಇವತ್ತು ಹಿಂದಿನಿಂದ ಗಾರ್ಲಂಡ್ ಬಂದ. ಒಹಾಯೋದ ರಿಟೈರ್ಡ್ ಹಲ್ಲು ಡಾಕ್ಟರು. ಹೊಸ ಲಿಥಿಯಂ ಬ್ಯಾಟರಿ ಕಾರ್ಟು, ಚರ್ಮದ ಸೀಟು.

"ಏನ್ ಡರ್ವುಡ್, ಗಾಡಿ ಓಡ್ತಾ ಇದ್ಯೋ, ನಿಂತಿದ್ಯೋ? ಗೊತ್ತಾಗ್ಲಿಲ್ಲ, ಅದಕ್ಕೇ ಕೇಳ್ದೆ."

"ಕೆರೆ ನೋಡ್ತಾ ಇದೀವಿ ಡಾಕ್ಟ್ರೇ. ನಿಮಗೆ ಹಲ್ಲು ಬಿಟ್ರೆ ಬೇರೇನೂ ಕಾಣಲ್ಲ."

"ಮೇಡಂ, ನನ್ನ ಗಾಡೀಲಿ ಬಂದ್ರೆ ಮೊದಲನೇ ಹಾಡಿಗೇ ಸಿಗ್ತೀರಿ ನೋಡಿ." ಹೊರಟುಹೋದ.

ಲುವೆಲಾ ಅವನ ಗಾಡಿಯ ಹಿಂದಿನ ಕೆಂಪು ದೀಪವನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದರು. ಅದೊಂದು ನನಗೆ ಸರಿಬರಲಿಲ್ಲ.

ಮಾರ್ಚ್ ೪

ಪಾರ್ಟ್ಸ್ ಅಂಗಡಿಗೆ ಫೋನ್. ಹೊಸ ಮೋಟಾರು ಹಾಕುವುದೇ.

"ಸ್ಪೀಡ್ ಬೇಕಾ ಸಾರ್, ಏರು ಹತ್ತೋ ಬಲ ಬೇಕಾ? ಎರಡೂ ಒಂದರಲ್ಲಿ ಸಿಗಲ್ಲ. ನಿಮ್ಮ ಕಡೆ ಗುಡ್ಡ ಗಿಡ್ಡ ಇದ್ಯಾ?"

"ಗುಡ್ಡಾನಾ! ಇದು ಫ್ಲೋರಿಡಾ ಕಣಪ್ಪಾ. ಇಲ್ಲಿ ಎತ್ತರ ಅಂತಿರೋದು ಸೂಪರ್‌ಮಾರ್ಕೆಟ್ ಬೋರ್ಡು ಒಂದೇ."

ಅವನೂ ನಕ್ಕ, ನಾನೂ ನಕ್ಕೆ. ಸ್ಪೀಡ್ ಮೋಟಾರೇ ಆಯಿತು. ಅದಕ್ಕೆ ಕರೆಂಟು ಅಳೆದು ಕೊಡುವ ಹಳೇ ಕಂಟ್ರೋಲರ್ ಸಾಲದಂತೆ, ಅದೂ ಹೊಸದು. ನನ್ನ ಅಣ್ಣನ ಮಗಳು ರೊವೀನಾ ಎಷ್ಟಾಯ್ತು ಅಂತ ಕೇಳಿದಳು. ಮುನ್ನೂರು ಅಂದೆ. ಅವಳು ನರ್ಸು, ಸುಮ್ಮನೆ ಅವಳ ಬಿ.ಪಿ. ಯಾಕೆ ಏರಿಸುವುದು.

ಮಾರ್ಚ್ ೮, ಶನಿವಾರ

ಕಾರ್ಟನ್ನು ಹಿಂದುಗಡೆ ಜಾಕ್ ಮೇಲೆ ಎತ್ತಿದೆ. ಬ್ಯಾಟರಿ ಕೇಬಲ್ ಬಿಚ್ಚಿದೆ. ಮೋಟಾರಿಗೆ ನಾಲ್ಕು ವೈರು — ಯಾವುದು ಎಲ್ಲಿಯದು ಅಂತ ಗುರುತಿಗೆ ರೊವೀನಾಳ ಉಗುರುಬಣ್ಣ ಬಳಿದೆ. ಕೆಂಪು, ಗುಲಾಬಿ, ನೇರಳೆ, ಇನ್ನೊಂದು ಗುಲಾಬಿ.

"ಅಂಕಲ್, ಅದು ಹದಿನೆಂಟು ಡಾಲರ್ ಬಾಟ್ಲು!"

"ಮೋಟಾರು ಚೆನ್ನಾಗಿ ಕಾಣ್ಲಿ ಬಿಡೇ."

ಬೋಲ್ಟು ತೆಗೆದು ಎಳೆದೆ. ಹಳೇದು ಒಂದು ಕ್ಷಣ ಹಿಡಿದುಕೊಂಡು ಆಮೇಲೆ ಬಿಟ್ಟುಕೊಟ್ಟಿತು. ಒಳ್ಳೆ ಕುರಿಮರಿ ತೂಕ. ತೊಡೆಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಇನ್ನೂ ಬೆಚ್ಚಗಿತ್ತು ಅಂತ ಅನ್ನಿಸಿತು. ಬಿಸಿಲಿಗೆ ಇರಬೇಕು.

ಹೊಸದು ಬರುವುದು ಗುರುವಾರ. ಅಲ್ಲೀತನಕ ಗಾಡಿ ಇಲ್ಲ.

ಮಾರ್ಚ್ ೧೦

ಗ್ಯಾರೇಜಿನಲ್ಲಿ ಕೂತಿದ್ದೆ. ಗಾರ್ಲಂಡನ ಕಾರ್ಟಿಗೆ ಸದ್ದೇ ಇಲ್ಲ. ದಾರಿಯಲ್ಲಿ ಲುವೆಲಾ ಅವರ ನಗು ಮಾತ್ರ ಗಾಳಿಯಲ್ಲಿ ತೇಲಿಕೊಂಡು ಹೋಯಿತು, ಅದರ ಹಿಂದೆ ಗಾಡಿ ಇತ್ತು ಅಂತ ನಾನೇ ಊಹಿಸಿಕೊಂಡೆ.

ಕಡಲೆಕಾಯಿ ಬೇಯಿಸಿಬಿಟ್ಟಿದ್ದೆ, ಅಭ್ಯಾಸಬಲ. ಒಬ್ಬನೇ ತಿಂದೆ. ಉಪ್ಪು ಹೆಚ್ಚಾಗಿತ್ತು.

ಬೆಳಿಗ್ಗೆ ಗಾರ್ಲಂಡ್ ನೋಡಲು ಬಂದಿದ್ದ. ಹಳೇ ಮೋಟಾರನ್ನು ಬೂಟಿನ ತುದಿಯಲ್ಲಿ ಮುಟ್ಟಿ, "ಇದನ್ನ ಕೊಡ್ತೀರಾ? ವರಾಂಡದ ಬಾಗಿಲು ಗಾಳಿಗೆ ಬಡ್ಕೊಳ್ಳತ್ತೆ, ಅಡ್ಡ ಇಡೋಕೆ ಬೇಕಿತ್ತು" ಅಂದ. ಇಪ್ಪತ್ತು ಡಾಲರಿಗೆ ಕೊಟ್ಟೆ. ಗೆದ್ದವನ ಹಾಗೆ ಕೊಟ್ಟೆ.

ಮಾರ್ಚ್ ೧೩

ಹೊಸದು ಕೂತಿತು! ಫಾರ್ವರ್ಡ್ ಹಾಕಿ ಪೆಡಲ್ ಒತ್ತಿದೆ. ಹಿಂದಕ್ಕೆ ಹಾರಿ ದಾಸವಾಳದ ಬೇಲಿಯೊಳಗೆ ಹೋಗಿ ನಿಂತೆ. ಗುಲಾಬಿ ಬಣ್ಣದ ಎರಡು ವೈರು ಅದಲುಬದಲಾಗಿದ್ದವು. ಚಂದ್ರನ ಗಾಡಿಯಲ್ಲೂ ಹೀಗಾಗಿತ್ತು ಅಂತ ರೊವೀನಾಗೆ ಹೇಳಿದೆ. "ಅಲ್ಲೂ ದಾಸವಾಳ ಇತ್ತಾ ಅಂಕಲ್?" ಅಂದಳು.

ಸರಿಮಾಡಿದೆ. ಬೀದಿಯಲ್ಲಿ ಒಂದು ಸುತ್ತು ಹೊಡೆದೆ. ಟೋಪಿ ಹಾರಿಹೋಯಿತು. ನಾಳೆ ಬನ್ನಿ ಅಂತ ಲುವೆಲಾ ಅವರನ್ನು ಕರೆದೆ. ಬರುತ್ತೇನೆ ಅಂದರು.

ಬರುತ್ತಾರೆ!

ಮಾರ್ಚ್ ೧೫, ಬೆಳಿಗ್ಗೆ

ನಿನ್ನೆಯದು ಬರೆಯಬೇಕು.

ಹೊರಟೆವು. ಓಕ್ ಮರಗಳು ಬಂದವು, ಹೋದವು. ಲುವೆಲಾ ಒಂದು ಕೈಯಲ್ಲಿ ಕೂದಲು, ಇನ್ನೊಂದರಲ್ಲಿ ಪೊಟ್ಟಣ ಹಿಡಿದಿದ್ದರು. ಒಂದು ಕಾಯಿ ಸುಲಿದರು, ಕಾಳು ಗಾಳಿಗೆ ಹೋಯಿತು. ಏನೋ ಹೇಳಿದರು. ಕೇಳಿಸಲಿಲ್ಲ. ಗಾರ್ಲಂಡನನ್ನು ಹಿಂದೆ ಹಾಕುವಾಗ ನಾನು ಟೋಪಿ ಎತ್ತಬೇಕು ಅಂತಿದ್ದೆ, ತಲೆ ಮೇಲೆ ಟೋಪಿಯೇ ಇರಲಿಲ್ಲ.

ಆಮೇಲೆ ಸೇತುವೆ.

ಇಷ್ಟು ವರ್ಷ ದಿನಾ ದಾಟುತ್ತಿದ್ದ ಸೇತುವೆ. ಅದು ಏರು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಹಳೇದು ಹ್ಮ್ಮ್ ಅಂತ ಹತ್ತುತ್ತಿತ್ತು, ಇಳಿಯುತ್ತಿತ್ತು, ಅಷ್ಟೇ. ಫ್ಲೋರಿಡಾದಲ್ಲಿ ಗುಡ್ಡ ಎಲ್ಲಿ ಅಂತ ನಾವೆಲ್ಲ ಹೇಳಿ ಹೇಳಿ ನಂಬಿಬಿಟ್ಟಿದ್ದೇವೆ.

ಅರ್ಧಕ್ಕೆ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ನಿಧಾನ... ಇನ್ನೂ ನಿಧಾನ... ನಿಂತಿತು. ಎರಡೂ ಕಾಲಲ್ಲಿ ಬ್ರೇಕು ಒತ್ತಿಕೊಂಡು ಕೂತೆ. ಹಿಂದೆ ಡ್ಯಾನ್ಸಿಗೆ ಹೊರಟ ಕಾರ್ಟುಗಳ ಸಾಲು, ಒಂದೊಂದೇ ದೀಪ ಹಚ್ಚಿಕೊಂಡು ನಿಂತವು. ಯಾರೋ ಕೂಗಿದರು, "ಡರ್ವುಡ್, ಚಂದ್ರನ ಮೇಲೂ ಹಿಂಗೇ ಕೈ ಕೊಡ್ತಾ?"

ಗಾರ್ಲಂಡ್ ಇಳಿದು ನಡೆದುಕೊಂಡು ಬಂದ. "ಬನ್ನಿ ಮೇಡಂ, ನನ್ನ ಗಾಡಿಗೆ. ಮೊದಲನೇ ಹಾಡು ಶುರುವಾಗೋಯ್ತು."

ನಾನು ಮುಂದೆ ನೋಡುತ್ತಿದ್ದೆ. ಬ್ರೇಕು ಇನ್ನೂ ಗಟ್ಟಿಯಾಗಿ ಒತ್ತಿದೆ. ಗಾಡಿ ಜಾರದಿರಲಿ ಅಂತ ಇಟ್ಟುಕೊಳ್ಳೋಣ.

"ನೀವು ಹೊರಡಿ ಡಾಕ್ಟ್ರೇ" ಅಂದರು ಲುವೆಲಾ. "ನನ್ನ ಕಡಲೆಕಾಯಿ ಇನ್ನೂ ಮುಗಿದಿಲ್ಲ."

ಕೆಳಗೆ ಹೆದ್ದಾರಿ, ಒಂದು ಕಡೆ ಬಿಳಿ ದೀಪ ಬರುತ್ತಾ ಇನ್ನೊಂದು ಕಡೆ ಕೆಂಪು ದೀಪ ಹೋಗುತ್ತಾ, ಹೊಳೆಯ ಹಾಗೆ. ಚೌಕದಿಂದ ಬ್ಯಾಂಡಿನ ಸದ್ದು ಬಂದು ಬಂದು ಕರಗುತ್ತಿತ್ತು. ಎದುರಿಗೆ ಹುಣ್ಣಿಮೆ ಎದ್ದಿತು, ಸೇತುವೆಯ ಕಂಬಿಯಿಂದ ಕೈ ಚಾಚಿದರೆ ಸಿಗುವಷ್ಟು ದೊಡ್ಡದು.

"ನೀವು ನಟ್ಟು ಬಿಗಿದ ಗಾಡಿ ಅಲ್ಲೇ ಇದ್ಯಾ?"

"ಅಲ್ಲೇ ಬಿಟ್ಟುಬಂದ್ರು. ಬ್ಯಾಟರಿ ಮುಗಿದಿರತ್ತೆ. ಆದ್ರೆ ನಟ್ಟು ಸಡಿಲ ಆಗಿರಲ್ಲ."

"ಒಂದೊಂದು ಸಲ ನಿದ್ದೆ ಬರದೇ ಇದ್ದಾಗ ಅದನ್ನೇ ಯೋಚಿಸ್ತೀನಿ" ಅಂದರು. "ಅಷ್ಟು ದೂರದಲ್ಲಿ, ಅಷ್ಟು ಸುಮ್ಮನೆ, ಡರ್ವುಡ್ ಬಿಗಿದ ನಟ್ಟು."

ನಾನು ಪೊಟ್ಟಣದಿಂದ ಒಂದು ಕಾಯಿ ತಗೊಂಡು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡೆ.

ಆಮೇಲೆ ಕೆಳಕ್ಕೆ ಇಳಿಯುವುದು ಬಿಟ್ಟರೆ ದಾರಿಯಿರಲಿಲ್ಲ. ನಾನು ಬ್ರೇಕು ಸಡಿಲಿಸುತ್ತಾ ಸಡಿಲಿಸುತ್ತಾ ಹಿಂದಕ್ಕೆ, ನಮಗೆ ದಾರಿ ಬಿಡಲು ಹಿಂದಿನವರೆಲ್ಲ ರಿವರ್ಸ್ ಹಾಕಿಕೊಂಡು ಹಿಂದಕ್ಕೆ. ಇಡೀ ಸಾಲು ಬೀಪ್ ಬೀಪ್ ಬೀಪ್ ಅಂತ ಬೆಳದಿಂಗಳಲ್ಲಿ ಸೇತುವೆ ಇಳಿಯಿತು. ಒಂದಕ್ಕೊಂದು ತಾಳ ಸೇರಲಿಲ್ಲ. ಲುವೆಲಾ ಕಣ್ಣೊರೆಸಿಕೊಂಡು ನಕ್ಕರು.

ಕೆಳಗೆ ಬಂದಮೇಲೆ ಒಬ್ಬರು ಹಗ್ಗ ಕಟ್ಟಿ ನಮ್ಮನ್ನು ಮನೆತನಕ ಎಳೆದು ತಂದರು. ಮನೆ ಮುಂದೆ ಇಳಿಯುವಾಗ ಲುವೆಲಾ ಹೇಳಿದರು: "ಹಳೇದನ್ನೇ ಹಾಕಿಬಿಡಿ. ಇದರಲ್ಲಿ ಕೆರೆ ಕಾಣ್ಲೇ ಇಲ್ಲ. ಅದು ಬರೋತನಕ ನಾನು ಯಾರ ಗಾಡೀನೂ ಹತ್ತಲ್ಲ."

ಹೂಂ ಅಂದೆ. ಹಳೇದು ಗಾರ್ಲಂಡನ ಬಾಗಿಲಿಗೆ ಅಡ್ಡ ಕೂತಿದೆ.

ಮಾರ್ಚ್ ೧೭

ಹೊಸದನ್ನು ಅಂಗಡಿಯವನು ವಾಪಸ್ ತಗೊಳ್ಳುವುದಿಲ್ಲ. ಸುಟ್ಟ ಮೋಟಾರು ಯಾರಿಗೆ ಬೇಕು ಸಾರ್, ಅಂದ. ಗುಡ್ಡ ಇಲ್ಲ ಅಂದಿದ್ರಲ್ಲ, ಅಂತಲೂ ಅಂದ.

ಗಾರ್ಲಂಡನ ಮನೆಗೆ ಹೋದೆ. ಮೋಟಾರು ಅಲ್ಲೇ ವರಾಂಡದಲ್ಲಿ, ಮೇಲೊಂದು ಹೂಕುಂಡ ಬೇರೆ.

"ಕೊಡ್ತೀನಿ" ಅಂದ. "ದುಡ್ಡೂ ಬೇಡ. ಶುಕ್ರವಾರ ಬ್ಯಾಂಡಿನವರ ಮೈಕ್ ಹಿಡ್ಕೊಂಡು, ಚಂದ್ರನ ಗಾಡಿ ವಿಷಯ ಬರೀ ಸುಳ್ಳು ಅಂತ ಒಂದೇ ಒಂದು ಮಾತು ಹೇಳಿ. ಎತ್ಕೊಂಡು ಹೋಗಿ."

"ಹೇಳ್ದೇ ಇದ್ರೆ?"

"ನಾನೂರು ಡಾಲರ್."

"ಇಪ್ಪತ್ತಕ್ಕೆ ತಗೊಂಡಿದ್ದು ನೀವು!"

"ಹಲ್ಲು ಕಿತ್ತಮೇಲೆ ಕಟ್ಟಿಸೋದು ಯಾವಾಗ್ಲೂ ದುಬಾರಿ ಡರ್ವುಡ್."

ಒಂದೇ ಮಾತು. ಬಿಟ್ಟಿ. ಈ ಊರಲ್ಲಿ ಅದನ್ನು ನಂಬುವವರಾದರೂ ಯಾರು... ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ. ನಿದ್ದೆ ಬರದ ಹೊತ್ತಿಗೆ ಲುವೆಲಾ ಅದನ್ನು ಯೋಚಿಸುತ್ತಾರಂತೆ. ಅದನ್ನು ಕಿತ್ತುಕೊಂಡು ಆ ಜಾಗದಲ್ಲಿ ಏನಿಡಲಿ?

ಬ್ಯಾಂಕಿಗೆ ಹೋಗಿಬಂದೆ.

ಮಾರ್ಚ್ ೨೧, ಶುಕ್ರವಾರ

ಹ್ಮ್ಮ್ಮ್.

ಅದೇ ಸದ್ದು. ಕೆರೆ ಬಂತು, ಕೆರೆ ನಿಂತುಕೊಂಡೇ ಇತ್ತು. ಕೊಕ್ಕರೆ ಹಿಂದೆ ಹಾಕಿತು. ಗಾರ್ಲಂಡ್ ಹಿಂದೆ ಹಾಕಿದ, ಹಾರ್ನ್ ಮಾಡಿ. ಲುವೆಲಾ ಕಾಯಿ ಸುಲಿದು ಒಂದು ಕಾಳು ತಾವು ತಿಂದು, ಒಂದು ನನ್ನ ಅಂಗೈಗೆ ಹಾಕುತ್ತಿದ್ದರು.

ಸೇತುವೆಯ ನೆತ್ತಿಯಲ್ಲಿ ಕೇಳಿದರು: "ಆ ನಟ್ಟು ಎಡಗಡೆ ಚಕ್ರದ್ದೋ, ಬಲಗಡೇದೋ?"

"ಎಡಗಡೇದು."

"ಹೋದ ವರ್ಷ ಬಲಗಡೇದು ಅಂದಿದ್ರಿ."

ನಾನು ರಸ್ತೆ ನೋಡಿದೆ. ಅವರು ಇನ್ನೊಂದು ಕಾಯಿ ಸುಲಿದರು.

"ಎಡಗಡೇದೇ ಇರ್ಲಿ" ಅಂದರು. "ನಾನು ಯೋಚಿಸೋವಾಗ ಎಡಗಡೇನೇ ಇರತ್ತೆ."

ಚೌಕ ಬಂತು. ಪೊಟ್ಟಣ ಮುಗಿಯಿತು. ಒಟ್ಟು ಎಷ್ಟು ಬಿತ್ತು ಇದಕ್ಕೆಲ್ಲ ಅಂತ ಕೇಳಿದರು, ಮುನ್ನೂರು ಅಂದೆ. ರೊವೀನಾಗೂ ಮುನ್ನೂರೇ. ಈ ಪುಸ್ತಕ ಹೇಗೂ ಯಾರೂ ಓದುವುದಿಲ್ಲ. ಸಾವಿರದ ಏಳುನೂರ ಹದಿನೆಂಟು ಡಾಲರ್. ಅದರಲ್ಲಿ ನಾನೂರು ಬರೀ ಚಂದ್ರನಿಗೆ —